ನಂಬದೆ ಹೋದ ಬೇರಿಂಗ್

ದಡದ ಗುರುತುಗಳೂ ನಕ್ಷತ್ರಗಳೂ ಕಾಣದ ಮಂಜಿನಲ್ಲಿ, ಹಡಗು ಸಾಗಿಬಂದ ದಿಕ್ಕು, ವೇಗ ಮತ್ತು ಹಿಡಿದ ಹೊತ್ತನ್ನು ಲೆಕ್ಕಹಾಕಿ ನಕಾಶೆಯ ಮೇಲೆ ಅಂದಾಜಿನ ಗುರುತು ಹಾಕುವುದೇ ನಾವಿಕರಿಗೆ ಬಹುಕಾಲ ಉಳಿದಿದ್ದ ದಾರಿ. 20ನೆಯ ಶತಮಾನದ ಮೊದಲ ದಶಕಗಳಲ್ಲಿ ಇದಕ್ಕೆ ರೇಡಿಯೋ ದಿಕ್ಪತ್ತೆ, ಅಂದರೆ ಸಂಕೇತ ಯಾವ ಕಡೆಯಿಂದ ಬರುತ್ತಿದೆಯೆಂದು ಅಳೆಯುವ ವಿಧಾನ, ಜೊತೆಯಾಯಿತು.

ಚೌಕಟ್ಟಿಗೆ ತಂತಿ ಸುತ್ತಿದ ‘ಲೂಪ್’ ಆಂಟೆನಾವನ್ನು ಮೆಲ್ಲಗೆ ತಿರುಗಿಸಿದರೆ ಕಿವಿಯಲ್ಲಿ ಸಂಕೇತದ ಸದ್ದು ಏರಿ ಇಳಿಯುತ್ತದೆ. ಚೌಕಟ್ಟಿನ ಮುಖ ಪ್ರಸಾರಕಕ್ಕೆ ನೇರವಾದಾಗ ಸದ್ದು ಅಡಗುತ್ತದೆ. ಸದ್ದು ಹೆಚ್ಚುವ ಸ್ಥಾನಕ್ಕಿಂತ ಅಡಗುವ ಸ್ಥಾನವನ್ನು ಕಿವಿ ನಿಖರವಾಗಿ ಹಿಡಿಯುವುದರಿಂದ, ಆಪರೇಟರು ಹುಡುಕುತ್ತಿದ್ದುದು ಆ ಮೌನವನ್ನೇ. ಹಾಗೆ ಸಿಕ್ಕ ಕೋನವೇ ‘ಬೇರಿಂಗ್’. ಒಂದು ಬೇರಿಂಗ್‌ನಿಂದ ನಕಾಶೆಯ ಮೇಲೆ ಮೂಡುವುದು ಒಂದು ಗೆರೆ ಮಾತ್ರ. ದಡದ ಎರಡು ರೇಡಿಯೋ ಠಾಣೆಗಳ ಗೆರೆಗಳು ಕೂಡಿದಲ್ಲಿ ಹಡಗಿನ ನೆಲೆ ಇರುತ್ತದೆ. ಆದರೆ ಸರಳ ಲೂಪಿಗೆ ಮುಂದೂ ಹಿಂದೂ ಒಂದೇ ಆದ್ದರಿಂದ, ಪ್ರಸಾರಕ ಗೆರೆಯ ಯಾವ ತುದಿಯ ಕಡೆಗಿದೆಯೆಂಬುದು ಅದರಿಂದ ತಿಳಿಯುತ್ತಿರಲಿಲ್ಲ.

1923ರ ಸೆಪ್ಟೆಂಬರ್ 8ರ ರಾತ್ರಿ ಈ ಇಬ್ಬಗೆಯೇ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಅನಾಹುತಕ್ಕೆ ಎಡೆಗೊಟ್ಟಿತು. ಕ್ಯಾಪ್ಟನ್ ಎಡ್ವರ್ಡ್ ವಾಟ್ಸನ್ ಅವರ ನೇತೃತ್ವದಲ್ಲಿ ಅಮೆರಿಕದ ಡೆಸ್ಟ್ರಾಯರ್ ಯುದ್ಧನೌಕೆಗಳು ಒಂದರ ಹಿಂದೊಂದು ಗಂಟೆಗೆ 20 ನಾಟಿಕಲ್ ಮೈಲಿ ವೇಗದಲ್ಲಿ ಸ್ಯಾನ್ ಡಿಯಾಗೋದತ್ತ ದಕ್ಷಿಣಕ್ಕೆ ಧಾವಿಸುತ್ತಿದ್ದವು. ಪಾಯಿಂಟ್ ಆರ್ಗ್ವೆಲೊ ಠಾಣೆಯ ಬೇರಿಂಗ್ ಪ್ರಕಾರ ಮುಂದಾಳು ಹಡಗು ‘ಡೆಲ್ಫಿ’ ಇನ್ನೂ ಠಾಣೆಯ ಉತ್ತರಕ್ಕೇ ಇತ್ತು. ತಮ್ಮ ಲೆಕ್ಕದಲ್ಲಿ ಠಾಣೆಯನ್ನು ಆಗಲೇ ದಾಟಿದ್ದೆವೆಂದು ನಂಬಿದ್ದ ಅಧಿಕಾರಿಗಳು, ಠಾಣೆ ಗೆರೆಯ ತಪ್ಪು ತುದಿಯನ್ನು ಹೇಳಿದೆಯೆಂದುಕೊಂಡು, ಹೊಸ ಸಾಧನದ ಮಾತಿಗಿಂತ ಹಳೆಯ ಲೆಕ್ಕಕ್ಕೇ ಬೆಲೆ ಕೊಟ್ಟು, ರಾತ್ರಿ 9 ಗಂಟೆಗೆ ಸಾಂಟಾ ಬಾರ್ಬರಾ ಜಲಮಾರ್ಗವೆಂದು ತಿಳಿದು ಪೂರ್ವಕ್ಕೆ ತಿರುಗಿದರು. ಕೆಲವೇ ನಿಮಿಷಗಳಲ್ಲಿ ಡೆಲ್ಫಿ ಹೊಂಡಾ ಪಾಯಿಂಟಿನ ಬಂಡೆಗಳಿಗೆ ಅಪ್ಪಳಿಸಿತು. ಹಿಂದಿದ್ದವುಗಳಲ್ಲಿ ಆರು ಅದೇ ಬಂಡೆಗಳ ಪಾಲಾದವು. ಮಡಿದ 23 ನಾವಿಕರಲ್ಲಿ 20 ಮಂದಿ, ಕ್ಷಣಾರ್ಧದಲ್ಲಿ ಮಗುಚಿಕೊಂಡ ‘ಯಂಗ್’ ಎಂಬ ಒಂದೇ ಹಡಗಿನವರು.

ವಾರದ ಹಿಂದೆ ಜಪಾನನ್ನು ನಡುಗಿಸಿದ್ದ ಭೂಕಂಪದಿಂದ ಕಡಲಿನ ಸೆಳೆತ ಬದಲಾಗಿ ಲೆಕ್ಕ ತಪ್ಪಿಸಿರಬಹುದೆಂಬ ಊಹೆಯೂ ಉಂಟು. ಇನ್ನೂ ಪಳಗದ ಉಪಕರಣವನ್ನು ಸಂದೇಹಿಸಿದ್ದು ಅಪರಾಧವಲ್ಲ. ಸಂದೇಹ ಹುಟ್ಟಿದ ಮೇಲೆ ವೇಗ ತಗ್ಗಿಸಿ, ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟು ನೀರಿನ ಆಳ ನೋಡದೆ ಹೋದದ್ದೇ ಅಪರಾಧ. ಸೇನಾ ನ್ಯಾಯಾಲಯವು ವಾಟ್ಸನ್ ಅವರನ್ನು ತಪ್ಪಿತಸ್ಥರೆಂದು ತೀರ್ಮಾನಿಸಿತು. ಠಾಣೆ ಕೊಟ್ಟಿದ್ದ ಬೇರಿಂಗ್ ಸರಿಯಾಗಿಯೇ ಇತ್ತು.