ಚರ್ಮದ ಮೇಲಿನ ಶಾಸನ: ಕಲಿಂಗಾ ಜನರ ಹಚ್ಚೆ

ಫಿಲಿಪ್ಪೀನ್ಸಿನ ಲೂಝಾನ್ ದ್ವೀಪದ ಉತ್ತರಭಾಗದಲ್ಲಿರುವ ಕಾರ್ಡಿಲೆರಾ ಪರ್ವತಶ್ರೇಣಿ ಹಲವು ಬುಡಕಟ್ಟುಗಳ ನೆಲೆ. ಅವರಲ್ಲಿ ಕಲಿಂಗಾ ಜನರು ಹಚ್ಚೆಗೆ ಹೆಸರಾದವರು. ಹೆಸರಿನ ಸಾಮ್ಯವನ್ನು ಕಂಡು ಇವರನ್ನು ನಮ್ಮ ಕಳಿಂಗದೇಶಕ್ಕೆ ಗಂಟುಹಾಕಬೇಕಾಗಿಲ್ಲ. ನೆರೆಯ ಬುಡಕಟ್ಟುಗಳ ಮಾತಿನಲ್ಲಿ ಆ ಪದಕ್ಕೆ ‘ಶತ್ರು’ ಎಂಬರ್ಥವಿತ್ತೆಂದು ವಿದ್ವಾಂಸರು ವಿವರಿಸುತ್ತಾರೆ.

ಇವರ ಹಚ್ಚೆಗೆ ‘ಬಾತೊಕ್’ ಎಂದು ಹೆಸರು. ನಿಂಬೆಯ ಜಾತಿಯ ಮರದ ಮುಳ್ಳನ್ನು ಕಡ್ಡಿಯೊಂದರ ತುದಿಗೆ ಸಿಕ್ಕಿಸಿ, ನೀರಿನಲ್ಲಿ ಕಲಸಿದ ಮಸಿಯಲ್ಲಿ ಅದ್ದಿ, ಮತ್ತೊಂದು ಕೋಲಿನಿಂದ ತಟ್ಟುತ್ತ ಚರ್ಮಕ್ಕೆ ಇಳಿಸುತ್ತಾರೆ. ಶತ್ರುವಿನ ತಲೆ ತಂದ ಯೋಧನ ಎದೆಯನ್ನು ‘ಬಿಕ್ಕಿಂಗ್’ ಎಂಬ ವಿನ್ಯಾಸ ಅಲಂಕರಿಸುತ್ತಿತ್ತು. ಸ್ತ್ರೀಯರ ತೋಳುಗಳಲ್ಲಿ ಶತಪದಿ, ಹೆಬ್ಬಾವಿನ ಹುರುಪೆ, ಜರೀಗಿಡಗಳ ಆಕೃತಿಗಳು ಮೂಡುತ್ತಿದ್ದವು. ಅವು ಚೆಲುವಿನ ಜೊತೆಗೆ ಪ್ರಾಪ್ತವಯಸ್ಸನ್ನೂ ಸೂಚಿಸುತ್ತಿದ್ದವು.

ಇಲ್ಲಿ ನಮಗೆ ವೀರಗಲ್ಲು ನೆನಪಾಗುವುದು ಸಹಜ. ಎರಡೂ ಶೌರ್ಯಕ್ಕೆ ಸಮುದಾಯವು ನೀಡಿದ ಸಾಕ್ಷ್ಯಗಳೇ. ಆದರೆ ವೀರಗಲ್ಲು ಮಡಿದವನ ನೆನಪಿಗೆ ನಿಲ್ಲುತ್ತದೆ; ಶಿಲೆಯಾದುದರಿಂದ ಶತಮಾನಗಳನ್ನು ದಾಟುತ್ತದೆ. ಹಚ್ಚೆಯಾದರೋ ಬದುಕಿರುವವನ ಮೈಮೇಲಿದ್ದು ಅವನೊಡನೆಯೇ ಮಣ್ಣಾಗುತ್ತದೆ. ಆದ್ದರಿಂದ ಪ್ರತಿ ತಲೆಮಾರೂ ಅದನ್ನು ಹೊಸದಾಗಿ ಬರೆಯಬೇಕು.

ಆ ಬರವಣಿಗೆಯ ಸರಣಿ ಇಪ್ಪತ್ತನೆಯ ಶತಮಾನದಲ್ಲಿ ಕಡಿಯತೊಡಗಿತು. ಅಮೆರಿಕನ್ ಆಡಳಿತ ತಲೆಬೇಟೆಯನ್ನು ಹತ್ತಿಕ್ಕಿದಾಗ ಗಂಡಸರ ಹಚ್ಚೆಗೆ ಆಧಾರವಾಗಿದ್ದ ಕಾರ್ಯವೇ ಇಲ್ಲವಾಯಿತು. ಶಾಲೆ ಮತ್ತು ಕ್ರೈಸ್ತ ಧರ್ಮಪ್ರಚಾರ ಬೆಟ್ಟವನ್ನೇರಿದ ಮೇಲೆ, ಒಂದು ಕಾಲಕ್ಕೆ ಹೆಮ್ಮೆಯ ಗುರುತಾಗಿದ್ದುದು ಕಿರಿಯರಿಗೆ ಸಂಕೋಚದ ವಿಷಯವಾಯಿತು.

ಈ ಪರಂಪರೆಯನ್ನು ಉಳಿಸಿದವರಲ್ಲಿ ಬುಸ್ಕಲಾನ್ ಗ್ರಾಮದ ವಾಂಗ್-ಓಡ್ ಪ್ರಮುಖರು. 1917ರಲ್ಲಿ ಜನಿಸಿದರೆನ್ನಲಾದ ಇವರು 2023ರ ಏಪ್ರಿಲ್‌ನಲ್ಲಿ ‘ವೋಗ್ ಫಿಲಿಪ್ಪೀನ್ಸ್’ ಪತ್ರಿಕೆಯ ಮುಖಪುಟದಲ್ಲಿ ಕಾಣಿಸಿಕೊಂಡರು. ಈ ವಿದ್ಯೆ ರಕ್ತಸಂಬಂಧಿಗಳಿಗೇ ಸಲ್ಲಬೇಕು, ಅನ್ಯರು ಚುಚ್ಚಿದರೆ ಗಾಯ ಕೀವಾಗುತ್ತದೆ ಎಂಬುದು ಅವರ ನಂಬಿಕೆ. ಮಕ್ಕಳಿಲ್ಲದ ಅವರು ತಮ್ಮ ಒಡಹುಟ್ಟಿದವರ ಮೊಮ್ಮಕ್ಕಳಾದ ಗ್ರೇಸ್ ಮತ್ತು ಎಲ್ಯಾಂಗರಿಗೆ ಇದನ್ನು ಕಲಿಸಿದ್ದಾರೆ.

ಇಂದು ದೂರದೇಶಗಳ ಪ್ರವಾಸಿಗರು ಬೆಟ್ಟ ಹತ್ತಿ ಬಂದು, ಹಣ ತೆತ್ತು ಹಚ್ಚೆ ಹಾಕಿಸಿಕೊಳ್ಳುತ್ತಾರೆ. ಗ್ರಾಮಕ್ಕೆ ಆದಾಯವಿದೆ, ಕಲೆಗೆ ಉಸಿರಿದೆ. ಇದನ್ನು ಹಗುರವಾಗಿ ಕಾಣಲಾಗದು. ಆದರೆ ಹಿಂದೆ ಊರು ನೋಡಿ ಒಪ್ಪಿ ಕೊಡುತ್ತಿದ್ದ ಗುರುತನ್ನು ಈಗ ವ್ಯಕ್ತಿಯೇ ಆಯ್ದುಕೊಳ್ಳುತ್ತಾನೆ. ಲಿಪಿ ಉಳಿದಿದೆ, ಶಾಸನವನ್ನು ಹೊರಡಿಸುತ್ತಿದ್ದ ಸಮುದಾಯ ಮಾತ್ರ ಪಕ್ಕಕ್ಕೆ ಸರಿದಿದೆ. ಹಚ್ಚೆಯ ಅಧ್ಯಯನಕ್ಕೆ ತೊಡಗುವವರು ವಿನ್ಯಾಸಗಳ ಪಟ್ಟಿ ಮಾಡುವ ಮೊದಲು ‘ಇದನ್ನು ಕೊಟ್ಟವರು ಯಾರು, ಓದಬಲ್ಲವರು ಯಾರು’ ಎಂದು ಕೇಳಿಕೊಳ್ಳುವುದು ಲೇಸು.