ರನ್‌ವೇಗೆ ರಿಬ್ಬನ್ ಕಟ್ಟೋರಿದ್ದಾರೆ, ಟವರ್‌ಗೆ ಸಂಬಳ ಕೊಡೋರು ಯಾರು?

2025ರ ಏಪ್ರಿಲ್‌ನಲ್ಲಿ ಏರ್‌ಪೋರ್ಟ್ ಅಥಾರಿಟಿಯ ತಂಡ ಬಂತು. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣಕ್ಕೆ ಅಂತ ಕನಕಪುರ ರಸ್ತೆಯಲ್ಲಿ ಎರಡು ಜಾಗ, ನೆಲಮಂಗಲ–ಕುಣಿಗಲ್ ರಸ್ತೆಯಲ್ಲಿ ಒಂದು ಜಾಗ ನೋಡಿಕೊಂಡು ಹೋಯ್ತು. ಅಷ್ಟೇ ಸಾಕಾಯ್ತು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಎಲ್ಲಿ ಹೋದರೂ ಒಂದೇ ಮಾತು: ಎಕರೆಗೆ ಎಷ್ಟು?

ನನ್ನ ಪ್ರಶ್ನೆ ಬೇರೆ. ರನ್‌ವೇ ಹಾಕೋಕೆ ದುಡ್ಡು ಸಿಗುತ್ತೆ, ಅದಕ್ಕೆ ಉದ್ಘಾಟನೆ ಇದೆ, ಫೋಟೋ ಇದೆ. ಆದರೆ ಗಾಜಿನ ಗೋಪುರದಲ್ಲಿ ಕೂತು ವಿಮಾನಕ್ಕೆ ದಾರಿ ಹೇಳ್ತಾರಲ್ಲ, ಅವರ ಸಂಬಳ ತಿಂಗಳು ತಿಂಗಳು ಎಲ್ಲಿಂದ ಬರಬೇಕು?

ಕೆಂಪೇಗೌಡರ ಹೆಸರಿಟ್ಟ ದೇವನಹಳ್ಳಿ ನಿಲ್ದಾಣಕ್ಕೆ ಈ ಚಿಂತೆ ಇಲ್ಲ. ದಿನಕ್ಕೆ ನೂರಾರು ವಿಮಾನ, ಪ್ರತಿಯೊಂದೂ ದಾರಿ ತೋರಿಸಿದ್ದಕ್ಕೆ ಶುಲ್ಕ ಕಟ್ಟುತ್ತೆ. ದಿನಕ್ಕೆ ಒಂದೋ ಎರಡೋ ವಿಮಾನ ಬರುವ ಸಣ್ಣ ಊರಿನ ಕಥೆ ಹಾಗಲ್ಲ. ವಿಮಾನ ಒಂದಾದರೂ ಟವರ್‌ನಲ್ಲಿ ಜನ ಇರಲೇಬೇಕು.

ಇರದಿದ್ದರೆ, ಅಥವಾ ಅವರ ಕೈಗೆ ಸರಿಯಾದ ಉಪಕರಣ ಕೊಡದಿದ್ದರೆ? 1996ರ ನವೆಂಬರ್ 12 ನೆನಪಿಸಿಕೊಳ್ಳಿ. ಹರಿಯಾಣದ ಚರ್ಖಿ ದಾದ್ರಿ ಮೇಲೆ ಆಕಾಶದಲ್ಲೇ ಎರಡು ವಿಮಾನ ಡಿಕ್ಕಿ. 349 ಜನ ಸತ್ತರು, ಒಬ್ಬರೂ ಉಳಿಯಲಿಲ್ಲ. ಕಜಕಸ್ತಾನದ ವಿಮಾನ ಹೇಳಿದ ಎತ್ತರಕ್ಕಿಂತ ಕೆಳಗೆ ಇಳಿದದ್ದು ಕಾರಣ. ಆದರೆ ವಿಮಾನದ ಎತ್ತರ ತೋರಿಸುವ ರೇಡಾರ್ ಆ ದಿನ ದೆಹಲಿಯ ಕಂಟ್ರೋಲರ್ ಮುಂದೆ ಕೆಲಸ ಮಾಡ್ತಾ ಇರಲಿಲ್ಲ. ನಮ್ಮಲ್ಲಿ ಹೀಗೇ. ಮೊದಲು ಹೆಣ, ಆಮೇಲೆ ಹಣ.

2016ರಲ್ಲಿ ಉಡಾನ್ ಯೋಜನೆ ಬಂತು. ಸಣ್ಣ ಊರಿಗೆ ವಿಮಾನ ಬರಲಿ ಅಂತ ಏರ್‌ಪೋರ್ಟ್ ಅಥಾರಿಟಿ ಇಳಿಯುವಾಗಿನ ಮಾರ್ಗದರ್ಶನ ಶುಲ್ಕವನ್ನು ಪೂರ್ತಿ ಬಿಟ್ಟಿತು. ಹಾರುವ ದಾರಿಯ ಶುಲ್ಕದಲ್ಲಿ ಶೇ. 42.5 ಮಾತ್ರ ತಗೊಂಡಿತು. ಒಳ್ಳೇದೇ. ಆದರೆ ಶುಲ್ಕ ಬಿಟ್ಟರೆ ಖರ್ಚು ಹೋಗುತ್ತಾ ಸ್ವಾಮಿ? ಸಿಎಜಿ ಲೆಕ್ಕ ನೋಡಿ: ಕೊಟ್ಟ ಮಾರ್ಗ 774, ಶುರುವೇ ಆಗದ್ದು 403. ಮೂರು ವರ್ಷದ ನೆರವು ಮುಗಿದ ಮೇಲೂ 2023ರ ಮಾರ್ಚ್‌ನಲ್ಲಿ ಉಳಿದದ್ದು ಬರೀ 54. ಚನ್ನಪಟ್ಟಣದ ಬುಗುರಿ ಗೊತ್ತಲ್ಲ, ದಾರ ಎಳೆದ ವೇಗ ಇರೋವರೆಗೆ ಆಟ.

ಬೀದರ್‌ನಲ್ಲಿ ವಾಯುಪಡೆಯ ರನ್‌ವೇ ಸಿದ್ಧವಾಗೇ ಇತ್ತು. ಆದರೂ ವಿಮಾನ ನಿಂತೇಹೋಯ್ತು. 2025ರಲ್ಲಿ ಮತ್ತೆ ಹಾರಿದ್ದು ರಾಜ್ಯ ಸರ್ಕಾರ ನಷ್ಟ ತುಂಬಿಕೊಡ್ತೀನಿ ಅಂದ ಮೇಲೆ. ಶಿವಮೊಗ್ಗದಲ್ಲಿ 3.2 ಕಿಲೋಮೀಟರ್ ರನ್‌ವೇ, 2023ರ ಫೆಬ್ರವರಿ 27ಕ್ಕೆ ಉದ್ಘಾಟನೆ. ಮೊದಲ ವಿಮಾನ ಬಂದದ್ದು ಆಗಸ್ಟ್ 31ಕ್ಕೆ. ಆಗಲೂ ರಾತ್ರಿ ಇಳಿಯುವ ಸೌಲಭ್ಯ ಇರಲಿಲ್ಲ.

ಇದು ಬಡದೇಶದ ರೋಗ ಅಂದುಕೋಬೇಡಿ. 2013ರಲ್ಲಿ ಅಮೆರಿಕದಲ್ಲಿ ಬಜೆಟ್ ಕಡಿತ ಬಂದಾಗ ಕತ್ತರಿ ಬಿದ್ದದ್ದು ಸಣ್ಣ ನಿಲ್ದಾಣಗಳ ಗುತ್ತಿಗೆ ಟವರ್‌ಗಳಿಗೆ. 149 ಟವರ್ ಮುಚ್ತೀವಿ ಅಂತ ಘೋಷಣೆಯೂ ಆಯ್ತು. ಊರೂರಿನ ಜನ ಗದ್ದಲ ಎಬ್ಬಿಸಿದರು. ಕೊನೆಗೆ ಸಂಸತ್ತು ಬೇರೆ ಬಾಬ್ತಿನ ಹಣ ತಿರುಗಿಸಲು ಕಾನೂನು ಮಾಡಿತು, ಟವರ್ ಉಳಿದವು.

ಅಲ್ಲಿ ಜನ ಕೇಳಿದರು. ಇಲ್ಲಿ ನಾವು ಎಕರೆ ರೇಟು ಕೇಳ್ತೀವಿ. ಕೇಳಿ, ತಪ್ಪಲ್ಲ, ಜಮೀನು ನಿಮ್ಮದು, ಹೊಟ್ಟೆಪಾಡು ನಿಮ್ಮದು. ಆದರೆ ರಾಜ್ಯದ ಯಾವ ಊರಿಗೇ ನಿಲ್ದಾಣದ ಮಾತು ಬರಲಿ, ಜಮೀನು ಬಿಟ್ಟುಕೊಡುವ ಮೊದಲು ಇನ್ನೊಂದು ಕಾಗದ ತೋರಿಸಿ ಅನ್ನಿ: ಟವರ್ ನಡೆಸೋಕೆ ಎಷ್ಟು ವರ್ಷದ ದುಡ್ಡು ತೆಗೆದಿಟ್ಟಿದ್ದೀರಿ? ಉತ್ತರ ಇಲ್ಲ ಅಂದರೆ ನಿಮ್ಮ ಹೊಲ ಹೋಗುತ್ತೆ, ವಿಮಾನ ಬರಲ್ಲ.