ಹುಲಗೂರಿನ ಹರಕೆಯಿಂದ ಹುಬ್ಬಳ್ಳಿಯ ಪ್ರಯೋಗಾಲಯದವರೆಗೆ

ಶಿಗ್ಗಾಂವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಷರೀಫರ ಬಗ್ಗೆ ನಮ್ಮ ಸೀಮೆಯಲ್ಲಿ ಒಂದು ಕಥೆ ನಿಂತಿದೆ. ಬಹುಕಾಲ ಮಕ್ಕಳಿಲ್ಲದ ತಂದೆತಾಯಿ ಹುಲಗೂರಿನ ಖಾದರಲಿಂಗನಿಗೆ ಮೊರೆಹೋದರು, ಮಗ ಹುಟ್ಟಿದ. ಅಕ್ಕಿಆಲೂರು, ಹಾನಗಲ್ಲ, ಸವಣೂರು, ಹಿರೇಕೆರೂರು ಕಡೆ ಮದುವೆಯಾಗಿ ಎರಡು ವರ್ಷ ಕಳೆದ ಮನೆಗಳಲ್ಲಿ ಈಗಲೂ ಮೊದಲು ತುಳಿಯುವುದು ಇದೇ ಹಾದಿಯನ್ನು: ಗುಡಿ, ದರ್ಗಾ, ಹರಕೆ, ತೊಟ್ಟಿಲು. ಆ ಮೊರೆಯನ್ನು ನಾನು ಹಗುರವಾಗಿ ಕಾಣಲಾರೆ. ಕುಬಸದ ಮನೆಯಲ್ಲಿ ಎಲ್ಲರೂ ಉಡಿ ತುಂಬುವಾಗ ಗೋಡೆಗೆ ಆತು ಕೂತವಳಿಗೆ ಅದೊಂದೇ ಆಸರೆಯಾಗಿದ್ದ ಕಾಲ ಬಹಳ ದೀರ್ಘವಾಗಿತ್ತು.

ಎರಡನೆಯ ಹಾದಿ, ದೇಹದ ಹೊರಗೆ ಭ್ರೂಣ ಕಟ್ಟಿಸುವ ಐವಿಎಫ್, ತೆರೆದು ಇನ್ನೂ ಐವತ್ತು ವರ್ಷವೂ ಆಗಿಲ್ಲ. 1978ರ ಜುಲೈ 25ರಂದು ಇಂಗ್ಲೆಂಡಿನ ಓಲ್ಡ್‌ಹ್ಯಾಮ್‌ನಲ್ಲಿ ಜಗತ್ತಿನ ಮೊದಲ ಪ್ರನಾಳ ಶಿಶು ಲೂಯಿಸ್ ಬ್ರೌನ್ ಹುಟ್ಟಿದಳು. ಅದಾಗಿ ಎಪ್ಪತ್ತು ದಿನಕ್ಕೆ, ಅಕ್ಟೋಬರ್ 3ರಂದು, ಕೋಲ್ಕತ್ತದಲ್ಲಿ ಡಾ. ಸುಭಾಷ್ ಮುಖೋಪಾಧ್ಯಾಯರ ಪ್ರಯತ್ನದಿಂದ ದುರ್ಗಾ ಹುಟ್ಟಿದಳು. ಓಲ್ಡ್‌ಹ್ಯಾಮ್‌ನವರು ಸಹಜವಾಗಿ ಮಾಗಿದ ಒಂದೇ ಅಂಡಾಣುವನ್ನು ನಂಬಿದ್ದರು. ಮುಖೋಪಾಧ್ಯಾಯರು ಹಾರ್ಮೋನ್ ಕೊಟ್ಟು ಹಲವು ಅಂಡಾಣು ಬೆಳೆಸಿ, ಭ್ರೂಣವನ್ನು ಶೀತಲೀಕರಿಸಿಟ್ಟು ಬೇರೆ ತಿಂಗಳಲ್ಲಿ ಗರ್ಭಕ್ಕೆ ಸೇರಿಸಿದ್ದರು. ಮುಂದೆ ಜಗತ್ತೆಲ್ಲ ಹಿಡಿದದ್ದು ಆ ಕ್ರಮವನ್ನೇ. ಆದರೆ ಸರ್ಕಾರ ನೇಮಿಸಿದ ಸಮಿತಿ ಅವರನ್ನು ನಂಬಲಿಲ್ಲ. ಕಣ್ಣಿನ ಸಂಸ್ಥೆಯೊಂದಕ್ಕೆ ವರ್ಗ ಮಾಡಿದರು. 1981ರ ಜೂನ್‌ನಲ್ಲಿ ಅವರು ತಮ್ಮ ಜೀವ ಕಳೆದುಕೊಂಡರು.

ದೇಶದ ಮೊದಲ ಪ್ರನಾಳ ಶಿಶುವೆಂದು ದಾಖಲಾದವಳು 1986ರ ಆಗಸ್ಟ್ 6ರಂದು ಮುಂಬಯಿಯ ಕೆಇಎಂ ಆಸ್ಪತ್ರೆಯಲ್ಲಿ ಹುಟ್ಟಿದ ಹರ್ಷಾ. ಡಾ. ಇಂದಿರಾ ಹಿಂದೂಜಾ ಅವರ ಜೊತೆ ಅದರ ಹಿಂದಿದ್ದ ವಿಜ್ಞಾನಿ ಟಿ.ಸಿ. ಆನಂದ್ ಕುಮಾರ್. ಮುಖೋಪಾಧ್ಯಾಯರ ಟಿಪ್ಪಣಿಗಳು ಕೈಗೆ ಬಂದಾಗ ಆನಂದ್ ಕುಮಾರ್ ಅವನ್ನು ಕೂಲಂಕಷ ಓದಿದರು. 1997ರಲ್ಲಿ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಮೊದಲ ಸ್ಥಾನ ತಮ್ಮದಲ್ಲ, ಆ ಬಂಗಾಳಿ ವೈದ್ಯರದೆಂದು ಬರೆದರು. ತನ್ನ ಕಿರೀಟ ತಾನೇ ತೆಗೆದು ಸತ್ತವನ ತಲೆಗಿಟ್ಟ ಇಂಥ ನಡೆ ವಿಜ್ಞಾನದ ಚರಿತ್ರೆಯಲ್ಲಿ ಹೆಚ್ಚು ಸಿಗದು.

ಕರ್ನಾಟಕಕ್ಕೆ ಈ ಚಿಕಿತ್ಸೆ ಬೆಂಗಳೂರಿನ ಮೂಲಕ ಬಂತು. ಡಾ. ಕಾಮಿನಿ ರಾವ್ ಅವರಂಥವರು ಅಲ್ಲಿ ಅದನ್ನು ಕಟ್ಟಿ ಬೆಳೆಸಿದರು. 2014ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಈಗ ಹುಬ್ಬಳ್ಳಿ, ದಾವಣಗೆರೆಗಳಲ್ಲೂ ಕೇಂದ್ರಗಳಿವೆ. ಹಾನಗಲ್ಲ, ತಡಸ ದಾಟಿ ಹೋದರೆ ಅಕ್ಕಿಆಲೂರಿಗೆ ಹುಬ್ಬಳ್ಳಿ ಒಂದೆರಡು ತಾಸಿನ ದಾರಿ.

ದಾರಿ ಸವೆದರೂ ಒಂದು ಹಳೆಯ ಅಭ್ಯಾಸ ಸವೆದಿಲ್ಲ. 'ಬಂಜೆ' ಎಂಬ ಮಾತು ಹೆಣ್ಣಿಗಷ್ಟೇ ಇದೆ. ಗಂಡಿಗೆ ಅಂಥ ಹೆಸರನ್ನು ನಮ್ಮ ಭಾಷೆ ಇಟ್ಟೇ ಇಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಹತ್ತಿರಹತ್ತಿರ ಅರ್ಧದಷ್ಟರಲ್ಲಿ ಗಂಡಿನ ಕಡೆಯ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಯಲ್ಲಿ ಸೂಜಿಯಿಲ್ಲ, ನೋವಿಲ್ಲ, ಖರ್ಚೂ ಕಡಿಮೆ. ಆದರೂ ಹೆಂಡತಿಯ ರಕ್ತ, ಸ್ಕ್ಯಾನ್, ಅಂಡನಾಳದ ಎಕ್ಸರೇ ಎಲ್ಲ ಮುಗಿದ ಮೇಲೆ ಗಂಡ ಮನಸ್ಸು ಮಾಡುತ್ತಾನೆ. ಈ ತಡ ನನ್ನನ್ನು ಸಿಟ್ಟಿಗೆಬ್ಬಿಸುತ್ತದೆ. ಏಕೆಂದರೆ 1992ರಲ್ಲಿ ಬ್ರಸೆಲ್ಸ್‌ನ ತಂಡ ಒಂದೇ ವೀರ್ಯಾಣುವನ್ನು ಅಂಡಾಣುವಿಗೆ ಚುಚ್ಚುವ ಇಕ್ಸಿ ವಿಧಾನದ ಫಲವನ್ನು ಪ್ರಕಟಿಸಿದ ಮೇಲೆ, ತೀರ ಕಡಿಮೆ ವೀರ್ಯಾಣುವಿರುವವರೂ ತಂದೆಯಾಗಬಲ್ಲರು. ತಂಬಾಕು, ಗುಟ್ಕಾ ಬಿಟ್ಟು ನೋಡುವುದಂತೂ ಯಾವ ಕೇಂದ್ರಕ್ಕೂ ಹೋಗುವ ಮೊದಲೇ ಆಗಬಹುದಾದ ಕೆಲಸ. ಹೆಣ್ಣಿನ ಕಡೆ, ಅಂಡನಾಳ ಮುಚ್ಚಲು ನಮ್ಮ ದೇಶದಲ್ಲಿ ಕ್ಷಯ ಒಂದು ದೊಡ್ಡ ಕಾರಣ; ಕೆಮ್ಮಿಲ್ಲದೆಯೂ ಅದು ಗರ್ಭಕೋಶದಲ್ಲಿ ಅಡಗಿರಬಲ್ಲದು. ಕ್ಷಯದ ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ.

ಐವಿಎಫ್ ವಿದ್ಯೆ ಬೆಳೆದದ್ದನ್ನು ಹೊಸ ಯಂತ್ರಗಳ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಅದು ಕೈ ಬಿಗಿಹಿಡಿಯಲು ಕಲಿತ ಕಥೆಯಾಗಿ ಕಾಣುತ್ತದೆ. ಮೊದಮೊದಲು ಹೆಚ್ಚು ಅಂಡಾಣು ಸಿಕ್ಕಷ್ಟೂ ಒಳಿತೆಂಬ ಹುರುಪಿತ್ತು. ಸುಮಾರು ಹತ್ತು ದಿನ ಚುಚ್ಚುಮದ್ದು ಕೊಟ್ಟಾಗ ಕೆಲವರ ಅಂಡಾಶಯ ಅತಿಯಾಗಿ ಊದಿ, ಹೊಟ್ಟೆಯಲ್ಲಿ ನೀರು ತುಂಬಿ, ರಕ್ತ ಗಟ್ಟಿಯಾಗಿ ಹೆಪ್ಪುಗಟ್ಟುವ ಅಪಾಯ ಎದುರಾಯಿತು. ಚಿಕ್ಕ ವಯಸ್ಸಿನವರಿಗೆ, ಪಿಸಿಒಎಸ್ ಎಂಬ ಅಂಡಾಶಯದ ತೊಂದರೆ ಇರುವವರಿಗೆ ಇದು ಹೆಚ್ಚು. ಈಗ ಔಷಧದ ಕ್ರಮ ಬದಲಾಗಿದೆ. ಅಂಡಾಣು ಮಾಗಿಸುವ ಕೊನೆಯ ಚುಚ್ಚುಮದ್ದನ್ನೇ ಬದಲಿಸುತ್ತಾರೆ; ಅನುಮಾನ ಬಂದರೆ ಭ್ರೂಣಗಳನ್ನೆಲ್ಲ ಶೀತಲದಲ್ಲಿಟ್ಟು ದೇಹ ಸುಧಾರಿಸುವವರೆಗೆ ಕಾಯುತ್ತಾರೆ. ಹಾಗಿದ್ದೂ ಅಪಾಯ ಪೂರ್ತಿ ಹೋಗಿಲ್ಲ. ತೂಕ ದಿಢೀರನೆ ಏರಿದರೆ, ಮೂತ್ರ ಕಡಿಮೆಯಾದರೆ, ಉಸಿರು ಕಟ್ಟಿದರೆ ಬೆಳಗಿನ ಬಸ್ಸಿಗೆ ಕಾಯಬಾರದು. ಹಳ್ಳಿಯಿಂದ ಹೋಗುವವರು ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಯಿದು: ನಡುರಾತ್ರಿ ಹೀಗಾದರೆ ಯಾರಿಗೆ ಫೋನ್ ಮಾಡಬೇಕು, ಎಲ್ಲಿಗೆ ಬರಬೇಕು?

ಎರಡು ಮೂರು ಭ್ರೂಣ ಒಟ್ಟಿಗೆ ಸೇರಿಸುವ ರೂಢಿಯೂ ಹೀಗೆಯೇ ತಗ್ಗುತ್ತಿದೆ. ಲವಕುಶರು ಬಂದರೆಂದು ಮನೆಯವರು ಹಿಗ್ಗುತ್ತಾರೆ. ಅವಳಿಗಳು ದಿನ ತುಂಬದೆ, ತೂಕವಿಲ್ಲದೆ ಹುಟ್ಟುವ ಸಂಭವ ಹೆಚ್ಚು. ತಾಯಿಗೆ ರಕ್ತದೊತ್ತಡ, ರಕ್ತಸ್ರಾವದ ಭಯವೂ ಹೆಚ್ಚು. ಒಂದೇ ಒಳ್ಳೆಯ ಭ್ರೂಣ ಸಾಕೆನ್ನುವ ವೈದ್ಯರು ಜಿಪುಣತನ ಮಾಡುತ್ತಿಲ್ಲ.

ಕಾನೂನು ಬಂದದ್ದು ತಡವಾಗಿ. 2005ರಲ್ಲಿ ಐಸಿಎಂಆರ್ ಮಾರ್ಗಸೂಚಿ ಬಂದರೂ ಅದಕ್ಕೆ ಹಲ್ಲಿರಲಿಲ್ಲ. 2019ರಲ್ಲಿ ಗುಂಟೂರಿನಲ್ಲಿ ಎಪ್ಪತ್ತು ದಾಟಿದ ಮಹಿಳೆ ಅವಳಿ ಹೆತ್ತಾಗ ದೇಶವೇ ಬೆರಗಾಯಿತು, ಬೆದರಿತು ಕೂಡ. 2022ರ ಜನವರಿಯಲ್ಲಿ ಜಾರಿಯಾದ ನೆರವಿನ ಸಂತಾನೋತ್ಪತ್ತಿಯ ಎಆರ್‌ಟಿ ಕಾಯ್ದೆ ಹೆಣ್ಣಿಗೆ 21ರಿಂದ 50, ಗಂಡಿಗೆ 21ರಿಂದ 55 ವರ್ಷದ ಮಿತಿ ಹಾಕಿತು. ಅಂಡಾಣು ದಾನಿ 23ರಿಂದ 35ರೊಳಗಿನವಳಾಗಿರಬೇಕು, ಬಾಳಿನಲ್ಲಿ ಒಮ್ಮೆ ಮಾತ್ರ ಕೊಡಬಹುದು. ಕೇಂದ್ರಗಳು ನೋಂದಣಿಯಾಗಿರಲೇಬೇಕು, ಬಾಗಿಲಲ್ಲೇ ಆ ಪ್ರಮಾಣಪತ್ರ ಕೇಳುವುದು ಯಾರಿಗೂ ಅವಮಾನವಲ್ಲ. ಜೊತೆಗೇ ಬಂದ ಇನ್ನೊಂದು ಕಾಯ್ದೆ ಹಣಕ್ಕೆ ಗರ್ಭ ಬಾಡಿಗೆ ಕೊಡುವುದನ್ನು ನಿಷೇಧಿಸಿತು.

ಹಣದ ಮಾತು ಮಾತ್ರ ಬಗೆಹರಿದಿಲ್ಲ. ಚಿಕಿತ್ಸೆಯ ಒಂದು ಸುತ್ತಿಗೆ ಲಕ್ಷ ದಾಟುವ ಖರ್ಚು, ಫಲದ ಭರವಸೆಯಿಲ್ಲ. ಮೂವತ್ತೈದರ ನಂತರ ಅಂಡಾಣುವಿನ ಗುಣ ಇಳಿಯುತ್ತ ಹೋಗುವುದರಿಂದ ಸಂಭವ ಇನ್ನೂ ಕುಗ್ಗುತ್ತದೆ. ಆಯುಷ್ಮಾನ್ ಯೋಜನೆಯ ಚೀಟಿ ಇದಕ್ಕೆ ನಡೆಯುವುದಿಲ್ಲ. 2023ರಲ್ಲಿ ಗೋವಾ ತನ್ನ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಉಚಿತ ಐವಿಎಫ್ ಆರಂಭಿಸಿತು. ಘಟ್ಟದ ಆಚೆಗೆ ಆದದ್ದು ಈಚೆಗೂ ಆಗಬೇಕೆಂದು ನಮ್ಮ ಜನಪ್ರತಿನಿಧಿಗಳನ್ನು ಕೇಳಿದವರು ಕಡಿಮೆ. ಮಾತಾಡಲು ನಾಚುವ ಕಾಯಿಲೆಗೆ ಮೆರವಣಿಗೆ ಹೊರಡುವುದಿಲ್ಲವಲ್ಲ.

ಹಾಗಾಗಿ ಎಕರೆ ಮಾರುವ ಮುನ್ನ, ತಾಳಿಯ ಬಂಗಾರ ಅಡವಿಡುವ ಮುನ್ನ, ಗಂಡಹೆಂಡತಿ ಇಬ್ಬರೇ ಕೂತು ಎಷ್ಟು ಸುತ್ತಿಗೆ ನಿಲ್ಲಿಸುತ್ತೇವೆ ಎಂದು ಮಾತಾಡಿಕೊಳ್ಳಲಿ. ಅತ್ತೆ ಮಾವ ಆ ಮಾತಿನಲ್ಲಿರುವುದು ಬೇಡ. ದತ್ತು ಪಡೆಯುವ ಅರ್ಜಿಯನ್ನು ಸೋತವರ ಕೊನೆಯ ಕದವೆಂದು ಇಡದೆ ಅದೇ ದಿನ ಮೇಜಿನ ಮೇಲಿಟ್ಟುಕೊಳ್ಳಲಿ. ಅಂಡಾಣು ಮಾಗಿಸುವ ಚುಚ್ಚುಮದ್ದು ಬಿದ್ದು ಮೂವತ್ತೈದು ತಾಸಿನ ಆಸುಪಾಸಿಗೆ ಅವಳು ಆಸ್ಪತ್ರೆಯ ಮೇಜಿನ ಮೇಲೆ ಮಲಗಿರಬೇಕು. ಹುಬ್ಬಳ್ಳಿಗೆ ಹಿಂದಿನ ರಾತ್ರಿಯೇ ಹೋಗಿ ಉಳಿಯಬೇಕಾಗುತ್ತದೆ. ಅವಳ ಜೊತೆ ಅವನೂ ಹೋಗಲಿ.